ತಿದಿಯಕ್ಕ ಮತ್ತು ಹೊಸ ಬ್ಲೋವರು

ಬೀದಿಯವರೆಲ್ಲ ಅವಳನ್ನು ತಿದಿಯಕ್ಕ ಎಂದೇ ಕರೆಯುತ್ತಿದ್ದರು. ಒಂಬತ್ತನೇ ವಯಸ್ಸಿನಲ್ಲಿ ಅಪ್ಪನ ಕುಲುಮೆಯಲ್ಲಿ ಬೆಂಕಿಗೆ ಗಾಳಿ ಊದುವ ತಿದಿಯ ಹಿಡಿಗೆ ಕೈಹಾಕಿದವಳು ಐವತ್ತೆರಡು ದಾಟಿದರೂ ಬಿಟ್ಟಿರಲಿಲ್ಲ. ಮದುವೆಯಾಗಲಿಲ್ಲ, ಅಣ್ಣ ಅತ್ತಿಗೆಯ ಜೊತೆಗೇ ಇದ್ದಳು. ಅಪ್ಪ ತೀರಿಕೊಂಡ ಮೇಲೆ ಸುತ್ತಿಗೆ ಅಣ್ಣನ ಕೈಗೆ ಬಂತು, ಗಾಳಿ ಅವಳ ಕೈಯಲ್ಲೇ ಉಳಿಯಿತು.

ಚರ್ಮದ ಚೀಲವನ್ನು ಮೇಲೆ ಕೆಳಗೆ ಮಾಡುವುದರಲ್ಲಿ ಏನಿದೆ ಎಂದು ನೋಡುವವರಿಗೆ ಅನ್ನಿಸುತ್ತಿತ್ತು. ಆದರೆ ಬೆಂಕಿ ಹೊತ್ತಿಸುವಾಗ ಮಗುವಿನ ಉಸಿರಿನಷ್ಟು ಗಾಳಿ ಸಾಕು. ದಪ್ಪ ಕಬ್ಬಿಣ ಒಳಗಿನವರೆಗೂ ಕಾಯಬೇಕಾದರೆ ನಿಧಾನವಾಗಿ, ಬಿಡದೆ ಒತ್ತಬೇಕು. ಹೆಚ್ಚಾದರೆ ಉಕ್ಕು ಬೆಳ್ಳಗಾಗಿ, ಕಿಡಿ ಕಾರುತ್ತಾ ಉರಿದುಹೋಗುತ್ತದೆ. ಆಮೇಲೆ ಬಡಿದರೆ ಒಣಮಣ್ಣಿನ ಹೆಂಟೆಯ ಹಾಗೆ ಪುಡಿಯಾಗುತ್ತದೆ. ಅವಳು ಇದನ್ನೆಲ್ಲ ಬೆಂಕಿಯ ಸದ್ದಿನಲ್ಲೇ ತಿಳಿಯುತ್ತಿದ್ದಳು. ಸುತ್ತಿಗೆ ಬಡಿದೂ ಬಡಿದೂ ಅಣ್ಣನ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯೂ ಅರ್ಧಕ್ಕರ್ಧ.

ಆ ವರ್ಷ ಅವಳ ಬಲಭುಜ ಹಿಡಿದುಕೊಂಡಿತು. ಕೈ ಎತ್ತಲೇಬಾರದು ಎಂದರು ಡಾಕ್ಟರು. ಮರುವಾರವೇ ಅಣ್ಣ ಗುಜರಿಯಿಂದ ಕರೆಂಟಿನ ಬ್ಲೋವರು ತಂದು, ಪೈಪು ಹಾಕಿ ಕುಲುಮೆಗೆ ಜೋಡಿಸಿದ.

"ಇನ್ನು ಮನೇಲಿ ಆರಾಮಾಗಿರು ಪುಟ್ಟಿ. ಒತ್ತಿದ್ದು ಸಾಕು."

ಪ್ರೀತಿಯಿಂದಲೇ ಹೇಳಿದ್ದ. ಆದರೂ ಅವಳು ಮನೆಯಲ್ಲಿ ಕೂತರೆ ಕಿವಿಯೆಲ್ಲ ಎರಡು ಬೀದಿ ಆಚೆಯ ಕುಲುಮೆಯ ಕಡೆಗೇ. ನಾಲ್ಕನೇ ದಿನ ಊಟದ ಡಬ್ಬಿ ಕೊಡುವ ನೆಪ ಮಾಡಿಕೊಂಡು ಹೋದಳು. ಬ್ಲೋವರು ಒಂದೇ ಸಮನೆ ಭೋರ್ಗರೆಯುತ್ತಿತ್ತು. ಕಲ್ಲುಕ್ವಾರಿಯವರು ಚೂಪು ಮಾಡಲು ಕೊಟ್ಟಿದ್ದ ಹಾರೆಗಳಲ್ಲಿ ಎರಡು ತುದಿ ಸುಟ್ಟು ಮೂಲೆಯಲ್ಲಿ ಬಿದ್ದಿದ್ದವು.

"ಗಾಳಿ ಜಾಸ್ತಿ ಆಯ್ತು ಅಣ್ಣ."

"ಏನು ಮಾಡ್ಲಿ? ಇದಕ್ಕೆ ಬರೋದು ಎರಡೇ ಮಾತು. ಹಾಕಿದ್ರೆ ಹೂಂ, ತೆಗೆದ್ರೆ ಊಹೂಂ."

ಅವಳು ಬಿಡಲಿಲ್ಲ. ಪೈಪಿನ ನಡುವೆ ಸೀಳು ಮಾಡಿಸಿ, ಒಂದು ತಗಡು ತೂರಿಸಿದಳು. ತಗಡು ಎಳೆದರೆ ಗಾಳಿ, ತಳ್ಳಿದರೆ ತಡೆ. ಅಂದಿನಿಂದ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ತಗಡು ಆಡಿಸತೊಡಗಿದಳು. ಹಾರೆಗಳು ಸುಡುವುದು ನಿಂತಿತು.

ಆದರೆ ಇನ್ನೊಂದು ಭಯ ಅವಳನ್ನು ಕೊರೆಯುತ್ತಿತ್ತು. ಚಿಕ್ಕವಳಿದ್ದಾಗ ಒಮ್ಮೆ, ಹಸಿ ಕಲ್ಲಿದ್ದಲು ಹಾಕಿದ ಕೂಡಲೇ ತಿದಿ ನಿಲ್ಲಿಸಿ ನೀರು ಕುಡಿಯಲು ಹೋಗಿದ್ದಳು. ಕಿಡಿ ತಾಗಿದರೆ ಸಿಡಿಯುವ ಅದರ ಹೊಗೆ ಹಿಂದಕ್ಕೆ ಹರಿದು ಚೀಲದಲ್ಲಿ ತುಂಬಿಕೊಂಡಿತ್ತು. ವಾಪಸು ಬಂದು ಒಮ್ಮೆ ಒತ್ತಿದ್ದೇ ತಡ, ಚೀಲ ಸಿಡಿದು ಅಪ್ಪನ ಹುಬ್ಬು ಸುಟ್ಟಿತ್ತು. ಈಗ ಗಾಳಿ ನಿಲ್ಲಿಸುವುದು ಅವಳ ಕೈಯಲ್ಲಿರಲಿಲ್ಲ, ಕರೆಂಟಿನವರ ಕೈಯಲ್ಲಿತ್ತು.

"ಕರೆಂಟು ಹೋದ್ರೆ ಏನು ಮಾಡ್ತೀಯ?" ಎಂದು ಕೇಳಿದ್ದಳು.

"ಬರೋವರೆಗೂ ಬೀಡಿ ಸೇದ್ತೀನಿ."

ಒಂದು ಮಧ್ಯಾಹ್ನ ಅವಳು ಹೊರಗೆ ನಲ್ಲಿಯಲ್ಲಿ ಡಬ್ಬಿ ತೊಳೆಯುತ್ತಿದ್ದಾಗ ಒಳಗಿನ ಭೋರ್ಗರೆತ ತಟ್ಟನೆ ನಿಂತಿತು. ಡಬ್ಬಿ ಅಲ್ಲೇ ಬಿಟ್ಟು ಓಡಿ ಬಂದಳು. ಬಲ್ಬು ಆರಿತ್ತು. ಆಗಷ್ಟೇ ಹಾಕಿದ ಹಸಿ ಕಲ್ಲಿದ್ದಲಿನಿಂದ ಹಳದಿ ಹೊಗೆ ದಟ್ಟವಾಗಿ ಏಳುತ್ತಿತ್ತು. ತಗಡು ಪೂರ್ತಿ ತೆರೆದೇ ಇತ್ತು. ಬ್ಲೋವರು ಗಾಳಿ ಎಳೆದುಕೊಳ್ಳುವ ಬಾಯಿಂದಲೂ ಅದೇ ಹೊಗೆಯ ಘಾಟು. ಅಣ್ಣ ಅವಳತ್ತ ಎಡಗಿವಿ ಮಾಡಿಕೊಂಡು, ಬೆಂಕಿಯ ಮೇಲೆ ಬಗ್ಗಿ ಸಲಾಕೆಯಿಂದ ಕೆದಕುತ್ತಿದ್ದ.

"ಅಣ್ಣ, ಹಿಂದೆ ಬಾ."

ಕೇಳಿಸಲಿಲ್ಲ. ಬ್ಲೋವರಿನ ಸ್ವಿಚ್ಚು ಅವನ ಆಚೆ, ಗೋಡೆಯ ಮೇಲೆ ಎತ್ತರದಲ್ಲಿತ್ತು. ಕರೆಂಟು ಯಾವ ಕ್ಷಣದಲ್ಲಾದರೂ ಬರಬಹುದಿತ್ತು, ಬಂದರೆ ಬ್ಲೋವರು ಒಳಗೆ ತುಂಬಿದ ಹೊಗೆಯನ್ನೆಲ್ಲ ಬೆಂಕಿಗೆ ಊದುತ್ತಿತ್ತು. ಅವಳು ಎಡಗೈಯಿಂದ ಅವನ ಅಂಗಿ ಹಿಡಿದೆಳೆದು, ಎತ್ತಬಾರದೆಂದ ಬಲಗೈಯನ್ನೇ ಎತ್ತಿ ಸ್ವಿಚ್ಚು ಆರಿಸಿದಳು. ಭುಜದಲ್ಲಿ ಏನೋ ಕಳಕ್ಕೆಂದು ಕಣ್ಣು ಕತ್ತಲೆಗಟ್ಟಿತು. ಬೆರಳು ತೆಗೆಯುವಷ್ಟರಲ್ಲಿ ಬಲ್ಬು ಹತ್ತಿಕೊಂಡಿತು.

"ಈಗ ತಾನೇ ಬಂತಲ್ಲ, ಯಾಕೆ ಆರಿಸ್ದೆ?" ಅಣ್ಣ ರೇಗಿದ. "ಗಾಳಿ ಗೀಳಿ ಹಿಡಿದಿದೆಯಾ ನಿಂಗೆ?"

ಅವಳು ಅವನನ್ನು ಬಾಗಿಲಿನವರೆಗೆ ತಳ್ಳಿ ನಿಲ್ಲಿಸಿದಳು. ಒಳಗೇನು ತುಂಬಿದೆ ಎಂದು ಅವನ ಕಣ್ಣಿಗೇ ಕಾಣಲೆಂದು, ಉದ್ದ ಇಕ್ಕಳದ ತುದಿಗೆ ಎಣ್ಣೆಬಟ್ಟೆ ಸಿಕ್ಕಿಸಿ ಹೊತ್ತಿಸಿ, ಆದಷ್ಟು ದೂರದಿಂದ ಎಡಗೈ ಚಾಚಿ ಬ್ಲೋವರಿನ ಬಾಯಿಗೆ ಹಿಡಿದಳು. ಢಬ್ಬೆಂದು ಮೊಳದುದ್ದದ ಜ್ವಾಲೆ ಹೊರಚಿಮ್ಮಿತು. ಪೈಪು ಕೀಲಿನಿಂದ ಕಳಚಿ ನೆಲಕ್ಕೆ ಬಿತ್ತು. ಕುಲುಮೆಯ ಕೆಂಡಗಳು ಹಾರಿ ಸೂರಿಗೆ ಬಡಿದವು.

ಅಣ್ಣ ಬಾಗಿಲಿಂದಲೇ ಕುಲುಮೆಯತ್ತ ಬೆರಳು ತೋರಿಸಿ ಕೇಳಿದ:

"ನನ್ನ ಮುಖ ಅಲ್ಲೇ ಇತ್ತು, ಅಲ್ವಾ?"

"ಹೂಂ."

ಸಂಜೆಯೊಳಗೆ ಸ್ವಿಚ್ಚು ಇಳಿದು ಅವಳ ಸ್ಟೂಲಿನ ಪಕ್ಕಕ್ಕೆ ಬಂತು. ಕರೆಂಟು ಹೋದರೆ ಮೊದಲು ಸ್ವಿಚ್ಚು, ಹಿಂದೆಯೇ ತಗಡು. ಆಮೇಲೆ ಪೈಪು ಬಿಚ್ಚಿ ಹೊಗೆ ಹೋಗಲು ಬಿಡಬೇಕು. ಅಣ್ಣ ಇದನ್ನು ಪಾಠ ಒಪ್ಪಿಸುವ ಹುಡುಗನ ಹಾಗೆ ಅವಳೆದುರು ಮೂರು ಸಲ ಹೇಳಿ ತೋರಿಸಿದ. ಆರಾಮಾಗಿರು ಎಂಬ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಅವಳ ದಿಗಿಲು ಮಾತ್ರ ಇಳಿಯಲಿಲ್ಲ. ಬಲ್ಬು ಸ್ವಲ್ಪ ಮಂಕಾದರೂ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತಿತ್ತು. ಬಲಗೈ ಮತ್ತೆ ಭುಜದ ಮೇಲಕ್ಕೆ ಏಳಲೇ ಇಲ್ಲ. ದಿನಾ ಬೆಳಗ್ಗೆ ಅತ್ತಿಗೆಯೇ ತಲೆ ಬಾಚುತ್ತಿದ್ದಳು.

"ಇವತ್ತೊಂದಿನ ಮನೇಲಿರಬಾರದಾ?" ಎಂದಳು ಅತ್ತಿಗೆ ಒಮ್ಮೆ, ಜಡೆ ಹೆಣೆಯುತ್ತಾ.

"ಹೊರಗೆ ಗಾಳಿ ಜೋರಾಗಿದೆ ಅತ್ತಿಗೆ. ಕರೆಂಟು ಹೋಗಿ ಬಂದು ಮಾಡುತ್ತೆ," ಎಂದವಳು ಜಡೆ ಮುಗಿಯುವ ಮೊದಲೇ ಎದ್ದು ಚಪ್ಪಲಿ ಮೆಟ್ಟಿಕೊಂಡಳು.