ಕೋಪರ್‌ಗೆ ಹೋದ ಕಾಫಿ

ನೆರೀನಾ ಫೋಂದಾಳನ್ನು ಕಂಡರೆ ನಮ್ಮ ಗೋದಾಮಿನಲ್ಲಿ ಯಾರಿಗೂ ಆಗುತ್ತಿರಲಿಲ್ಲ. ನನಗಂತೂ ಮೈ ಉರಿಯುತ್ತಿತ್ತು. ಮದುವೆಯಾದ ಮರುದಿನ ಸೆಂಟು ಪೂಸಿಕೊಂಡು ಬಂದ ನನ್ನನ್ನು ಬಾಗಿಲಲ್ಲೇ ತಡೆದು, "ತೊಳ್ಕೊಂಡು ಬಾ, ಇಲ್ಲಾ ಹೆಂಡ್ತಿ ಹತ್ರಾನೇ ಇರು" ಎಂದು ಅಟ್ಟಿದವಳು. ತ್ರಿಯೆಸ್ತೆ ಬಂದರಿನಲ್ಲಿ ಇಳಿಯುವ ಕಾಫಿ ಮೂಟೆಗೆ ಉಕ್ಕಿನ ಚೂಪು ಕೊಳವೆ ಚುಚ್ಚಿ, ಬೀಜವನ್ನು ಅಂಗೈಗೆ ಸುರಿದುಕೊಂಡು ಮೂಸಿ, ಸರಿಯಿದೆ ಎಂದು ಸಹಿ ಹಾಕುವುದು ಅವಳ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದಳು. ಆ ಮೂಗಿಗಾಗಿ ಬೆಳ್ಳುಳ್ಳಿ ಬಿಟ್ಟಳು. ಗಂಡ ಸಿಗರೇಟು ಬಿಡಲಿಲ್ಲವೆಂದು ಅವನನ್ನೂ ಬಿಟ್ಟಳು. ಬೇರೆಯವರು ಬಾಗಿಲ ಬಳಿಯ ನಾಲ್ಕು ಮೂಟೆ ಚುಚ್ಚಿ ಮುಗಿಸಿದರೆ ಇವಳಿಗೆ ಕಂಟೇನರಿನ ಕೊನೆಯ ಸಾಲಿನವರೆಗೂ ಇಳಿಸಬೇಕು. ಹೊರುವ ಬೆನ್ನು ನಮ್ಮದು ತಾನೆ!

ಈ ಹಟಕ್ಕೇ, ಕಾಫಿ ತರಿಸಿ ಮಾರುವ ವಾಸ್ಕೊತ್ತೊ ಸಾಹುಕಾರ ಮಾಲಿಗೆ ಸಹಿ ಸಿಗದೆ ಮುನಿಸಿಕೊಂಡು ತನ್ನ ಕಾಫಿಯನ್ನೆಲ್ಲ ಗಡಿಯಾಚೆಯ ಕೋಪರ್ ಬಂದರಿಗೆ ಒಯ್ದ. ಅರ್ಧ ಗಂಟೆಯ ದಾರಿ. ಅವನ ಹಿಂದೆ ಇನ್ನಿಬ್ಬರು ಹೋದರು. ನಮ್ಮ ಮೂರು ಗೋದಾಮುಗಳಲ್ಲಿ ಎರಡಕ್ಕೆ ಬೀಗ ಬಿತ್ತು. ಉಳಿದ ನಲವತ್ತು ಜನ ಊಟದ ಹೊತ್ತಿಗೆ ಅವಳ ಮೇಜಿಗೆ ಬೆನ್ನು ಮಾಡಿ ಕೂರತೊಡಗಿದೆವು.

ಎರಡು ವರ್ಷದ ಮೇಲೆ ಸಾಹುಕಾರ ಒಂದೇ ಒಂದು ಕಂಟೇನರ್ ಕಳಿಸಿದ. ಇದರ ಕೆಲಸ ಮನಸ್ಸಿಗೆ ಬಂದರೆ ಎಲ್ಲ ಮಾಲನ್ನೂ ವಾಪಸ್ ತರುತ್ತೇನೆ ಎಂದ. ನಮ್ಮ ಮೇಲ್ವಿಚಾರಕ ಬೆಳಿಗ್ಗೆಯೇ ಅವಳ ಮುಂದೆ ಕೈಮುಗಿದ.

"ನೆರೀನಾ, ಇವತ್ತೊಂದಿನ ನಿನ್ ಮೂಗಿಗೆ ರಜ ಕೊಡು ತಾಯಿ."

"ನಿನ್ ನಾಲಿಗೆಗೆ ಕೊಡು ಮೊದ್ಲು."

ಮೂರನೆಯ ಸಾಲಿನಲ್ಲಿ ಅವಳ ಕೈ ನಿಂತಿತು. ಅಂಗೈಯನ್ನು ಎರಡು ಸಲ ಮೂಸಿದಳು. ಪಕ್ಕದಲ್ಲಿದ್ದ ನನ್ನ ಮೂಗಿಗೂ ಬಡಿಯಿತು, ನೆಲಮಾಳಿಗೆಯ ಮುಗ್ಗಲು ವಾಸನೆ. ಅವಳು ನಮ್ಮತ್ತ ತಿರುಗಿದಳು.

"ಏನ್ ನೋಡ್ತೀಯಾ? ಮಕ್ಕಳಿಗೆ ನಿನ್ ಮೂಗನ್ನೇ ಬೇಯಿಸಿ ಹಾಕ್ಲಾ? ಹಾಕೇ ಸಹಿ!" ಎಂದು ಮೊದಲು ಕೂಗಿದವನು ನಾನು. ಉಳಿದವರೂ ದನಿಗೂಡಿಸಿದರು. ಅವಳು ಅಂಗೈಯ ಬೀಜವನ್ನು ಮೂಟೆಗೇ ಸುರಿದು ಸಹಿ ಹಾಕಿದಳು.

ಮಧ್ಯಾಹ್ನ ವಾಸ್ಕೊತ್ತೊ ಬಂದ. ನಿಂತಲ್ಲೇ ಕಾಗದ ಓದಿ ಮಡಚಿದ.

"ಈ ಮಾಲು ಮುಗ್ಗಿದೆ ಅಂತ ನಂಗೆ ಮೊದ್ಲೇ ಗೊತ್ತು. ಬೇಕಂತ್ಲೇ ಕಳ್ಸಿದ್ದೆ. ಕೋಪರ್ ಗೋದಾಮಿನೋರು ಇಂಥದ್ದಕ್ಕೇ ಕಣ್ಮುಚ್ಚಿ ಸಹಿ ಹಾಕಿದ್ರು, ಗಿರಾಕಿಗಳು ನನ್ ಮುಖಕ್ಕೆ ಉಗಿದ್ರು. ಕೆಟ್ಟಿದ್ದನ್ನ ಕೆಟ್ಟಿದೆ ಅನ್ನೋ ಹೆಂಗಸೊಬ್ಳು ಇಲ್ಲಿದಾಳಲ್ಲ ಅಂತ ಬಂದೆ. ಸುಳ್ ಸಹಿನೇ ಆದ್ರೆ ಕೋಪರ್‌ನಲ್ಲೇ ಅಗ್ಗ."

"ವಾಸನೆ ಬಂದಿತ್ತು" ಎಂದಳು ನೆರೀನಾ.

"ಮತ್ತೆ?"

ಅವಳು ನಮ್ಮ ಹೆಸರೆತ್ತಲಿಲ್ಲ. ಸಾಹುಕಾರನ ಕಾರು ಗೇಟು ದಾಟುವ ಮೊದಲೇ ಮೇಲ್ವಿಚಾರಕ ಅವಳ ಮೇಲೆ ಹರಿಹಾಯ್ದ. "ಯಾಕೆ ಸಹಿ ಹಾಕ್ದೆ? ಎಲ್ಲಾರ ಹೊಟ್ಟೆ ಮೇಲೆ ಹೊಡೆದ್ಯಲ್ಲೇ!"

ಅವಳು ಅವನನ್ನು ಬಿಟ್ಟು ನನ್ನನ್ನು ನೋಡಿದಳು. ಒಂದು ಮಾತು ಆಡಬಹುದಿತ್ತು ನಾನು.

"ಹೌದು, ಯಾಕೆ ಹಾಕ್ದೆ?" ಎಂದೆ.