ದೊಡ್ಡಪ್ಪ ಹಾಕಿದ ಹೆಪ್ಪು

ನಮ್ಮ ದೊಡ್ಡಪ್ಪನದು ಇಸ್ತ್ರಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಪೆಟ್ಟಿಗೆ ಎಷ್ಟು ಕಾದಿದೆ ಎಂದು ತಿಳಿಯಲು ಅವರು ನೀರು ಚಿಮುಕಿಸುವುದಿಲ್ಲ, ತಳಕ್ಕೆ ಬೆರಳು ತಾಗಿಸುತ್ತಾರೆ. ಅವರು "ರೇಷ್ಮೆಗೆ ಸರಿ" ಎಂದರೆ ರೇಷ್ಮೆಗೆ ಸರಿಯೇ. ಆ ಬೆರಳಿನ ಮೇಲೆ ಅವರಿಗಿರುವ ನಂಬಿಕೆ ಬೇರೆ ಯಾರ ಮೇಲೂ ಇಲ್ಲ, ನಮ್ಮ ಮೇಲಂತೂ ಖಂಡಿತ ಇಲ್ಲ.

ಮೊಮ್ಮಗುವನ್ನು ನೋಡಿಬರಲು ಹೊರಟ ದೊಡ್ಡಮ್ಮ ಬಾಗಿಲಲ್ಲಿ ನಿಂತು ಹೇಳಿದರು.

"ರೀ, ಬಟ್ಟಲಲ್ಲಿ ಒಂದು ಚಮಚ ಮೊಸರು ಎತ್ತಿಟ್ಟಿದ್ದೀನಿ. ಸಂಜೆ ಉಗುರುಬೆಚ್ಚಗಿನ ಹಾಲಿಗೆ ಹಾಕಿಡಿ. ಮದುವೇಲಿ ನಮ್ಮಮ್ಮ ಕೊಟ್ಟು ಕಳಿಸಿದ ಹೆಪ್ಪು ಅದು. ಅಮ್ಮಂದು ಅಂತ ನನ್ಹತ್ರ ಉಳಿದಿರೋದು ಅದೊಂದೇ."

"ಹಾಲಿಗೆ ಮೊಸರು ಹಾಕೋದೇನು ಬ್ರಹ್ಮವಿದ್ಯೆನೇನೇ? ಆರಾಮಾಗಿ ಹೋಗ್ಬಾ."

ಜೀವಮಾನದಲ್ಲಿ ಒಮ್ಮೆಯೂ ಹೆಪ್ಪು ಹಾಕದವರಿಗೆ ಮಾತ್ರ ಬರುವ ಧೈರ್ಯ ಅದು.

ಸಂಜೆ ಹಾಲು ಕಾಯಿಸಿದರು. ಅರ್ಧ ಉಕ್ಕಿತು, ಒರೆಸಿದರು. ಉಳಿದದ್ದಕ್ಕೆ ಬೆರಳು ಅದ್ದಿ, "ಉಗುರುಬೆಚ್ಚಗೆ!" ಎಂದು ತೀರ್ಪು ಕೊಟ್ಟು, ಇದ್ದ ಮೊಸರನ್ನೆಲ್ಲ ಸುರಿದರು. ಬಟ್ಟಲನ್ನು ಆಗಲೇ ಉಜ್ಜಿ ತೊಳೆದೂ ಇಟ್ಟರು. ಶಿಸ್ತಿನ ಮನುಷ್ಯ.

ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಮಧ್ಯಾಹ್ನದವರೆಗೆ ಕಾದರು. ನಾಲ್ಕು ಬಿಳಿ ಚೂರು ತೇಲಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಇಂಗು ತಿಂದ ಮಂಗನಂತೆ ಅವರು ಕೂತಿದ್ದಾಗ ಪಕ್ಕದ ಮನೆಯ ಟೀಚರ್ ಇಸ್ತ್ರಿಗೆ ಒಂದು ಸೀರೆ ತಂದರು. ಮೊನ್ನೆ ತಾನೇ ಇಸ್ತ್ರಿ ಮಾಡಿಕೊಟ್ಟ ಸೀರೆ, ಮಡಿಕೆಯೂ ಕೆಟ್ಟಿರಲಿಲ್ಲ. ದೊಡ್ಡಪ್ಪನಿಗೆ ಅದೆಲ್ಲ ಕಾಣುವ ಸ್ಥಿತಿ ಇರಲಿಲ್ಲ. ಪಾತ್ರೆಯನ್ನೇ ತಂದು ತೋರಿಸಿದರು.

"ಯಾವ ಬೆರಳಲ್ಲಿ ನೋಡಿದ್ರಿ ಅಣ್ಣಾ?"

"ಇದರಲ್ಲೇ."

"ಅಯ್ಯೋ, ಆ ಬೆರಳಿಗೆ ಕೆಂಡಾನೂ ಉಗುರುಬೆಚ್ಚಗೇ! ಹೆಪ್ಪು ಬೆಂದೇ ಹೋಗಿದೆ."

"ಅಂಗಡಿ ಮೊಸರು ತಂದು ಹಾಕಿದ್ರೆ ಅವಳಿಗೆ ಗೊತ್ತಾಗುತ್ತಾ?"

"ಗೊತ್ತಾಗ್ದೇನೂ ಇರಬಹುದು."

ದೊಡ್ಡಪ್ಪ ತೊಳೆದಿಟ್ಟಿದ್ದ ಬಟ್ಟಲಿನ ಕಡೆ ನೋಡಿದರು. "ಬೇಡ ಬಿಡಿ. ಅದು ಅವರಮ್ಮಂದಲ್ಲ," ಎಂದರು.

ಟೀಚರ್ ನಕ್ಕರು. "ನಮ್ಮನೇಲಿ ಇರೋದೂ ಅಕ್ಕ ಕೊಟ್ಟ ಹೆಪ್ಪೇ ಅಲ್ವಾ? ಬಟ್ಟಲು ಕೊಡಿ. ಆದ್ರೆ ಈ ಸಲ ಮೊಣಕೈ ಅದ್ದಿ ನೋಡಿ. ಮಗು ಸ್ನಾನದ ನೀರು ನೋಡ್ತಾರಲ್ಲ, ಹಾಗೆ."

ಆ ಸಂಜೆ ದೊಡ್ಡಪ್ಪ ಮೊಣಕೈಗೆ ಸೋಪು ಹಾಕಿ ತಿಕ್ಕಿದ ರಭಸಕ್ಕೆ ಚರ್ಮ ಕೆಂಪಾಯಿತು. ಬೆಳಿಗ್ಗೆ ಪಾತ್ರೆ ವಾಲಿಸಿದರೆ ಮೊಸರು ಅಲುಗಲಿಲ್ಲ. ಬೀದಿಯವರನ್ನೆಲ್ಲ ಕರೆದು ತೋರಿಸಬೇಕೆನ್ನಿಸಿದರೂ ತಡೆದುಕೊಂಡರು.

ದೊಡ್ಡಮ್ಮ ಬಂದವರೇ ರುಚಿ ನೋಡಿದರು. "ಅಮ್ಮನ ಮೊಸರೇ ಕಣ್ರೀ! ಮೊದಲ್ನೇ ಸಲಕ್ಕೇ ಇಷ್ಟು ಗಟ್ಟಿ!"

"ಹೂಂ," ಎಂದ ದೊಡ್ಡಪ್ಪ ಅಂಗಡಿಗೆ ಹೋದರು. ಒಂದು ಅಂಗಿಯ ಒಂದೇ ತೋಳನ್ನು ಮತ್ತೆ ಮತ್ತೆ ತೀಡಿದರು. ಆಮೇಲೆ ಪೆಟ್ಟಿಗೆ ನಿಲ್ಲಿಸಿಟ್ಟು ಒಳಗೆ ಬಂದರು.

"ಮೊದಲ್ನೇದಲ್ಲ ಕಣೇ, ಎರಡನೇದು. ನೀನು ಇಟ್ಟಿದ್ದನ್ನ ನಾನು ಬೇಯಿಸ್ಬಿಟ್ಟೆ. ಇದು ಟೀಚರ್ ಮನೇದು."

"ಗೊತ್ತು ಬಿಡ್ರೀ. ಸೀರೆ ನೆಪದಲ್ಲಿ ಒಂದ್ಸಲ ಇಣುಕಿ ಬಾ ಅಂತ ಅವಳಿಗೆ ಹೇಳೇ ನಾನು ಬಸ್ ಹತ್ತಿದ್ದು." ದೊಡ್ಡಮ್ಮ ಒಂದು ಚಮಚ ಮೊಸರನ್ನು ಬಟ್ಟಲಿಗೆ ಎತ್ತಿಟ್ಟು, ಹಾಲಿನ ಪಾತ್ರೆಯನ್ನು ಅವರ ಮುಂದೆ ಸರಿಸಿದರು. "ಎಲ್ಲಿ, ಮೊಣಕೈ ತೊಳ್ಕೊಂಡು ಬನ್ನಿ."