ಸಂಜೆಯ ಸಂದೇಹಗಳು

ಶಾಲೆ ಬಿಡುವ ಗಂಟೆ ಹೊಡೆದ ಮೇಲೆ ಹುಡುಗಿಯರು ಒಬ್ಬೊಬ್ಬರಾಗಿ ರಸಾಯನಶಾಸ್ತ್ರದ ಸಂದೇಹ ಕೇಳಲು ಬರತೊಡಗಿದಾಗ, ನಾನು ಒಳ್ಳೆಯ ಟೀಚರ್ ಆಗಿಬಿಟ್ಟೆ ಎಂದೇ ತಿಳಿದಿದ್ದೆ. ಸ್ವಲ್ಪ ಜಂಬವೂ ಬಂದಿತ್ತು. ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಭದ್ರಾವತಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನನಗೆ ಅದು ಎರಡನೆಯ ವರ್ಷ. ವಯಸ್ಸು ಇಪ್ಪತ್ತಾರು. ಗಂಡ ತೀರಿಕೊಂಡು ಏಳು ವರ್ಷವಾಗಿತ್ತು. ಶಿವಮೊಗ್ಗದ ಕೋಟೆ ಬೀದಿಯಲ್ಲಿದ್ದ ಅಣ್ಣ ನನ್ನನ್ನು ಓದಿಸಿ, ಕೆಲಸ ಸಿಕ್ಕ ಕೂಡಲೇ ಭದ್ರಾವತಿಯ ಜನ್ನಾಪುರ ಬಡಾವಣೆಯಲ್ಲಿ ಒಂದು ಬಾಡಿಗೆ ಕೋಣೆ ಹುಡುಕಿಕೊಟ್ಟು, ತನ್ನ ಜವಾಬ್ದಾರಿ ಮುಗಿಯಿತೆಂಬಂತೆ ಹೊರಟುಹೋಗಿದ್ದ.

ಮನೆಯ ಮಾಲೀಕರು ಒಳ್ಳೆಯವರೇ. ಆದರೆ ಹಣೆಯಲ್ಲಿ ಕುಂಕುಮವಿಲ್ಲದ, ಇನ್ನೂ ವಯಸ್ಸಿರುವ ಹೆಂಗಸನ್ನು ಎಷ್ಟು ಮಾತಾಡಿಸಬೇಕು, ಎಷ್ಟು ಬಿಡಬೇಕು ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ನಾನೂ ಮೇಲೆಬಿದ್ದು ಮಾತಾಡಿಸುವವಳಲ್ಲ. ಮೂಗಿನ ತುದಿಯಲ್ಲೇ ಕೋಪ. ಸಂಜೆ ಕಾರ್ಖಾನೆಯ ಸೈರನ್ ಕೂಗಿದರೆ ಬೀದಿಯ ಗಂಡಸರೆಲ್ಲ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಈ ಮನೆಯಲ್ಲಿ ಕನ್ನಡ, ಆ ಮನೆಯಲ್ಲಿ ತಮಿಳು, ಮೂಲೆಮನೆಯಲ್ಲಿ ತೆಲುಗು, ಎಲ್ಲ ಕಡೆ ಮಾತು ಶುರುವಾಗುತ್ತಿತ್ತು. ನಾನು ಬಾಗಿಲು ಹಾಕಿಕೊಂಡು ಮರುದಿನದ ಪಾಠವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಪಾಠ ಬರುತ್ತಿರಲಿಲ್ಲ ಎಂದಲ್ಲ. ಮನೆಯಲ್ಲಿ ಒಂದು ದನಿಯಾದರೂ ಇರಲಿ ಎಂದು.

ಹೀಗಿರುವಾಗ ಆ ಸಂದೇಹಗಳು ಶುರುವಾದವು. ಮೊದಲು ಬಂದವಳು, "ಟೀಚರ್, ಉಪ್ಪು ನೀರಲ್ಲಿ ಕರಗಿದ್ಮೇಲೆ ಎಲ್ಲಿಗೆ ಹೋಗತ್ತೆ?" ಎಂದಳು. ಉಪ್ಪುನೀರನ್ನು ಪ್ರಯೋಗಶಾಲೆಯ ಪಿಂಗಾಣಿ ಬಟ್ಟಲಲ್ಲಿ ಕಾಯಿಸಿ, ತಳದಲ್ಲಿ ಉಳಿದ ಬಿಳಿಯ ಪುಡಿ ತೋರಿಸಿದೆ. ಮರುದಿನ ಇನ್ನೊಬ್ಬಳು. ಅವಳ ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು.

"ತುಕ್ಕು ಹಿಡಿದ್ರೆ ತೂಕ ಜಾಸ್ತಿ ಆಗತ್ತೆ ಅಂದ್ರಲ್ಲ, ನಮ್ಮಪ್ಪ ನಕ್ಕುಬಿಟ್ರು ಟೀಚರ್. ಇಷ್ಟು ವರ್ಷ ಕಬ್ಬಿಣದ ಜೊತೇಲೇ ಇದೀನಿ, ತುಕ್ಕು ತಿಂದಿದ್ದು ಭಾರ ಆಗಿದ್ದು ನೋಡೇ ಇಲ್ಲ ಅಂದ್ರು."

"ಉದುರಿ ಹೋದ ಪುಡೀನೂ ಗುಡಿಸಿ ತಕ್ಕಡಿಗೆ ಹಾಕೋಕೆ ಹೇಳು ನಿಮ್ಮಪ್ಪಂಗೆ. ಗಾಳಿಯಿಂದ ಸೇರ್ಕೊಂಡ ಆಮ್ಲಜನಕಾನೂ ಅದರಲ್ಲೇ ಇರತ್ತೆ" ಎಂದೆ.

ಮೂರನೆಯವಳ ಪ್ರಶ್ನೆ ನನಗೆ ಬಹಳ ಹಿಡಿಸಿತು. "ಜಲಜನಕ ತಾನೇ ಉರಿಯತ್ತೆ. ಆಮ್ಲಜನಕ ಬೇರೇದನ್ನ ಉರಿಸತ್ತೆ. ಎರಡೂ ಸೇರಿ ಆದ ನೀರು ಬೆಂಕಿ ಆರಿಸೋದು ಹೇಗೆ?"

"ನೀರು ಅಂದ್ರೆ ಆಗ್ಲೇ ಉರಿದು ಮುಗಿದಿರೋ ಜಲಜನಕ ಕಣೇ. ಮತ್ತೆ ಉರಿಯೋಕೆ ಅದರಲ್ಲಿ ಇನ್ನೇನೂ ಉಳಿದಿಲ್ಲ" ಎಂದೆ. ಹೇಳಿದ ಮೇಲೆ ಆ ಮಾತು ಯಾಕೋ ನನಗೇ ಚುಚ್ಚಿತು. ಆ ಹುಡುಗಿಯನ್ನು ಬೇಗ ಕಳಿಸಿಬಿಟ್ಟೆ.

ಇನ್ನೊಂದು ದಿನ, ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಯಾಕೆ ಕೆಂಪಾಗುತ್ತದೆ ಎಂಬ ಪ್ರಶ್ನೆ ಬಂತು. ಅರಿಶಿನದ ಪುಡಿ ತರಲು ಹೇಳಿದೆ. ತಂದವಳು ಪೊಟ್ಟಣವನ್ನು ನನ್ನ ಕೈಗೆ ಕೊಡದೆ ಹಿಂದೆಮುಂದೆ ನೋಡಿದಳು. ನನಗೆ ಅರ್ಥವಾಯಿತು. "ಇಲ್ಲಿ ಇದು ಅರಿಶಿನ ಅಲ್ಲ ಮಾರಾಯ್ತಿ, ಕ್ಷಾರ ಪತ್ತೆ ಮಾಡೋ ಸೂಚಕ. ಕೊಡು ಇಲ್ಲಿ" ಎಂದು ಕಿತ್ತುಕೊಂಡು ಸುಣ್ಣದ ತಿಳಿನೀರಿಗೆ ಹಾಕಿದೆ. ನೀರು ಕೆಂಪಾಯಿತು. ನನ್ನ ಬೆರಳೂ ಹಳದಿಯಾಗಿತ್ತು. ಏಳು ವರ್ಷವಾಗಿತ್ತು ನಾನು ಅರಿಶಿನ ಕೈಯಲ್ಲಿ ಹಿಡಿದು. ಕೋಣೆಗೆ ಬಂದ ಮೇಲೂ ಸೋಪು ಹಾಕಲು ಮನಸ್ಸಾಗಲಿಲ್ಲ.

ಮಳೆಗಾಲ ಮುಗಿಯುವವರೆಗೂ ಹೀಗೇ ನಡೆಯಿತು. ಒಂದು ಗುರುವಾರ ಒಬ್ಬಳು ಬಂದು, ನೀರು ಬೆಂಕಿಯನ್ನು ಹೇಗೆ ಆರಿಸುತ್ತದೆ ಎಂದು ಕೇಳಿದಳು.

"ಹೋದ ತಿಂಗ್ಳು ಇದನ್ನೇ ನಿನ್ನ ಗೆಳತಿ ಕೇಳ್ಕೊಂಡು ಹೋದ್ಲಲ್ಲೇ?"

ಅವಳು ಗಾಬರಿಯಾಗಿ, "ಅಯ್ಯೋ, ನಂದು ಮೇಣದಬತ್ತಿದು ಟೀಚರ್! ತಪ್ಪೋಯ್ತು" ಎಂದು ಕೈಯಲ್ಲಿದ್ದ ನೋಟ್‌ಬುಕ್ಕನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಕೊಡು ಎಂದು ಗದರಿಸಿ ಇಸಿದುಕೊಂಡೆ. ಕೊನೆಯ ಪುಟದಲ್ಲಿ ಗೀಟು ಹಾಕಿದ ಪಟ್ಟಿ. ಸೋಮವಾರ ಇವಳು, ಉಪ್ಪು. ಮಂಗಳವಾರ ಅವಳು, ತುಕ್ಕು. ಹೆಸರು, ವಾರ, ಪ್ರಶ್ನೆ, ಎಲ್ಲವೂ ತರಗತಿಯ ಜಾಣೆಯ ದುಂಡು ಅಕ್ಷರದಲ್ಲಿ.

"ಏನಿದು?"

ಹುಡುಗಿ ಅಳತೊಡಗಿದಳು. "ನಮ್ಮನೆ ನಿಮ್ಮ ರೂಮಿನ ಹಿಂದೇನೇ ಟೀಚರ್. ನೀವು ಸಂಜೆಯೆಲ್ಲ ಗೋಡೆ ಹತ್ರ ಮಾತಾಡ್ತೀರಂತೆ. ಅಮ್ಮ ಕೇಳಿಸ್ಕೊಂಡಿದ್ರು. ನೀವು ಬೇಗ ಮನೆಗೆ ಹೋದ್ರೆ ಪಾಪ ಒಬ್ರೇ ಇರ್ಬೇಕಲ್ಲ ಅಂತ ನಾವೆಲ್ಲ ಸರದಿ ಹಾಕ್ಕೊಂಡ್ವಿ."

ಆ "ಪಾಪ" ಎಂಬ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. "ಕನಿಕರ ತೋರ್ಸೋಕೆ ನಾನೇನು ನಿಮ್ಮ ಬೀದಿ ಬೆಕ್ಕಾ? ಇನ್ಮೇಲೆ ಗಂಟೆ ಹೊಡೆದ್ಮೇಲೆ ಒಬ್ಬಳೂ ಇಲ್ಲಿ ಕಾಣಕೂಡ್ದು!" ಎಂದು ಕೂಗಾಡಿದೆ. ಅವಳು ನೋಟ್‌ಬುಕ್ಕನ್ನೂ ಬಿಟ್ಟು ಓಡಿದಳು.

ಮರುದಿನ ಯಾರೂ ಬರಲಿಲ್ಲ. ಅದರ ಮರುವಾರವೂ ಬರಲಿಲ್ಲ. ಐದು ಗಂಟೆಯೊಳಗೇ ಕೋಣೆ ಸೇರುತ್ತಿದ್ದೆ. ಹಿಂದಿನ ಮನೆಗೆ ಕೇಳಿಸುತ್ತದೆಂದು ಗೊತ್ತಾದ ಮೇಲೆ ಪಾಠ ಹೇಳಿಕೊಳ್ಳುವುದಕ್ಕೂ ಬಾಯಿ ಬರಲಿಲ್ಲ. ಆ ದಿನಗಳಲ್ಲಿನಷ್ಟು ಒಂಟಿತನವನ್ನು ನಾನು ಗಂಡ ಸತ್ತಾಗಲೂ ಅನುಭವಿಸಿರಲಿಲ್ಲ. ಆಗ ಮನೆತುಂಬ ಜನರಿದ್ದರು.

ಶನಿವಾರ ಶಿವಮೊಗ್ಗದ ಬಸ್ಸು ಹತ್ತಿ ಅಣ್ಣನ ಮನೆಗೆ ಹೋದೆ. ಅಣ್ಣ "ಹೇಗಿದೀಯೇ?" ಎಂದು, ಉತ್ತರ ಬರುವ ಮೊದಲೇ ಪೇಪರಿನಲ್ಲಿ ತಲೆ ಹುದುಗಿಸಿದ. ಅತ್ತಿಗೆ, "ಇನ್ನೊಂಚೂರು ಅನ್ನ ಹಾಕ್ಲಾ?" ಎಂದರು. ಸೋಮವಾರ ಬೆಳಿಗ್ಗೆ ಹೊರಡುವವರೆಗೆ ಅದು ಬಿಟ್ಟರೆ ಆ ಮನೆಯಲ್ಲಿ ನನ್ನನ್ನು ಯಾರೂ ಏನನ್ನೂ ಕೇಳಲಿಲ್ಲ. ಬಸ್ಸಿನಲ್ಲಿ ಕೂತು ಯೋಚಿಸಿದೆ. ಆ ಹುಡುಗಿಯರು ಕೂತು, ಪುಸ್ತಕ ತಿರುವಿ, ನನಗಾಗಿ ಪ್ರಶ್ನೆ ಹುಡುಕಿದ್ದರು. ಅಷ್ಟು ಕಷ್ಟಪಟ್ಟವರು ನನಗೆ ಬೇರೆ ಯಾರಿದ್ದರು?

ಅಂದು ಕೊನೆಯ ಪಿರಿಯಡ್ ನನ್ನದು. ಗಂಟೆ ಹೊಡೆಯಿತು. ಹುಡುಗಿಯರು ನನ್ನ ಮುಖ ನೋಡದೆ ಪುಸ್ತಕ ಜೋಡಿಸಿಕೊಳ್ಳುತ್ತಿದ್ದರು. ಬೋರ್ಡಿನ ಕಡೆ ತಿರುಗಿ, ಒರೆಸಿದ್ದನ್ನೇ ಒರೆಸುತ್ತ ಕೇಳಿದೆ.

"ಇವತ್ತು ಯಾರ ಸರದಿ?"

ಬೆಂಚು ಸರಿದ ಸದ್ದಿಗೆ ತಿರುಗಿ ನೋಡಿದೆ. ಎಂದೂ ಬಾಯಿ ಬಿಡದ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ನಂದು ಟೀಚರ್. ಆದ್ರೆ ನಂಗೆ ಕೇಳೋಕೆ ಏನೂ ಸಿಗ್ಲಿಲ್ಲ."

"ಪರವಾಗಿಲ್ಲ," ಎಂದೆ, "ಸುಮ್ನೆ ಸ್ವಲ್ಪ ಹೊತ್ತು ಕೂತಿರು."